ಅಪ್ಪ ಎಣಿಸಿದ ಎಂಟು ಗೆರೆ

"ಎಂಟು ಗೆರೆ ಆಯ್ತು ಕಣೋ ನೆಲ ಬಿಡೋಕೆ" ಅಂತ ಅಪ್ಪನ ದನಿ ಹೆಡ್‌ಸೆಟ್ಟಿನಲ್ಲಿ ಕೇಳಿಸಿತು.

2019ರ ಜುಲೈ. ಡೆನ್ವರ್ ಹತ್ತಿರದ ಸೆಂಟೆನಿಯಲ್ ವಿಮಾನ ನಿಲ್ದಾಣದಿಂದ ಬಾಡಿಗೆಯ ಪುಟ್ಟ ವಿಮಾನ ಸೆಸ್ನಾ 172ರಲ್ಲಿ ಆಗ ತಾನೇ ಮೇಲೆದ್ದಿದ್ದೆವು. ಪಕ್ಕದ ಸೀಟಿನಲ್ಲಿ ಅಪ್ಪ, ಹಿಂದೆ ಅಮ್ಮ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಗಣಿತ ಹೇಳಿಕೊಟ್ಟ ಅಪ್ಪನಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುವ ಅಭ್ಯಾಸ. ರನ್‌ವೇ ನಡುವೆ ಬಳಿದಿರುವ ಬಿಳಿ ಗೆರೆಗಳನ್ನು ಎಣಿಸಿದ್ದರು. ಆ ಹೊತ್ತಿನಲ್ಲಿ ಅವರಿಗೆ ಉತ್ತರ ಕೊಡುವಷ್ಟು ಪುರುಸೊತ್ತು ನನಗಿರಲಿಲ್ಲ. ಹೊರಗೆ 32 ಡಿಗ್ರಿ ಬಿಸಿಲು. ಏರುವ ವೇಗ ತೋರಿಸುವ ಮುಳ್ಳು ನಿಮಿಷಕ್ಕೆ 300 ಅಡಿಯ ಆಸುಪಾಸಿನಲ್ಲಿ ಓಲಾಡುತ್ತಿತ್ತು. ಕೆಳಗಿನ ಮನೆಗಳ ಸೂರುಗಳು ಚಿಕ್ಕದಾಗುವ ಲಕ್ಷಣವೇ ಕಾಣಲಿಲ್ಲ. ಅಪಾಯವೇನೂ ಆಗಲಿಲ್ಲ. ಒಂದು ಸುತ್ತು ಹಾಕಿ ಇಳಿದೆವು. ಆದರೆ ಇಳಿದ ಮೇಲೂ ನನ್ನ ಅಂಗೈ ಒದ್ದೆಯಾಗಿಯೇ ಇತ್ತು.

ರಾತ್ರಿ ಊಟವಾದ ಮೇಲೆ ಅಪ್ಪನ ಎಣಿಕೆ ನೆನಪಾಯಿತು. ಅಮೆರಿಕದ ರನ್‌ವೇಗಳಲ್ಲಿ ನಡುಗೆರೆ 120 ಅಡಿ ಉದ್ದ, ಒಂದು ಗೆರೆಗೂ ಮುಂದಿನದಕ್ಕೂ ನಡುವೆ 80 ಅಡಿ ಖಾಲಿ. ಅಂದರೆ ಒಂದು ಗೆರೆಯ ಲೆಕ್ಕಕ್ಕೆ 200 ಅಡಿ. ಎಂಟು ಗೆರೆಗೆ 1,600. ವಿಮಾನದ ಕೈಪಿಡಿ ನೋಡಿ ನಾನು ಬರೆದುಕೊಂಡು ಹೋಗಿದ್ದು ಸುಮಾರು 1,300. ಆ ಕೈಪಿಡಿ ಬರೆದದ್ದು ಹೊಸ ಎಂಜಿನ್ ಇಟ್ಟುಕೊಂಡು, ಕಂಪನಿಯ ಪರೀಕ್ಷಾ ಪೈಲಟ್ ಹಾರಿಸಿ. ನನ್ನ ಕೈಗೆ ಸಿಕ್ಕಿದ್ದು ನಲವತ್ತು ವರ್ಷ ಹಳೆಯ ಯಂತ್ರ, ಹಾರಿಸಿದವನು ನಾನು.

"ಗಾಡಿಯಲ್ಲಿ ತಪ್ಪಿಲ್ಲ, ಎತ್ತು ಸಾಲದು" ಅಂದರು ಅಪ್ಪ. ಅಮ್ಮ ಅಂದದ್ದು ಬೇರೆ: "ಮುಂದಿನ ಸಲ ಸೊಸೆನೂ ಬರಲಿ, ನಾಲ್ಕೂ ಜನ ಒಟ್ಟಿಗೆ ಹೋಗೋಣ." ಆ ವಿಮಾನದಲ್ಲಿ ಸೀಟು ನಾಲ್ಕಿದ್ದವು. ನಾಲ್ಕು ಜನರನ್ನು ಆ ಬಿಸಿಲಿನಲ್ಲಿ ಎತ್ತುವ ಶಕ್ತಿ ಇರಲಿಲ್ಲ. ಇದನ್ನು ಅಮ್ಮನಿಗೆ ಹೇಗೆ ಹೇಳುವುದು? ಮುಂದಿನ ಮೂರು ವರ್ಷ ನಾನು ಮಾಡಿದ್ದೆಲ್ಲ ಅಮ್ಮನ ಆ ಒಂದು ಮಾತಿಗಾಗಿ.

ನಾನು ಬೆಳೆದದ್ದು ಜಕ್ಕೂರಿನ ಹತ್ತಿರ. ಅಲ್ಲಿನ ಸರ್ಕಾರಿ ವೈಮಾನಿಕ ಶಾಲೆಯ ಪುಟ್ಟ ವಿಮಾನಗಳು ನಮ್ಮ ಮನೆಯ ಮೇಲೇ ತಿರುಗುತ್ತಿದ್ದವು. ಕಲಿತದ್ದು ಮಾತ್ರ 2015ರಲ್ಲಿ, ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ. ಎಚ್-1ಬಿ ವೀಸಾದಲ್ಲಿದ್ದವನು, ಹಾಗಾಗಿ ಬೆರಳಚ್ಚು ಕೊಟ್ಟು ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಅನುಮತಿ ಬರುವ ತನಕ ಕಾದು ತರಬೇತಿಗೆ ಸೇರಿದೆ. ಅಲ್ಲಿನ ರನ್‌ವೇ 2,500 ಅಡಿಯೂ ಇಲ್ಲ, ಆದರೆ ಕೊಲ್ಲಿಯ ದಂಡೆಯಲ್ಲಿ, ಸಮುದ್ರಮಟ್ಟಕ್ಕೆ ಸಮವಾಗಿದೆ. ತಣ್ಣನೆಯ ದಟ್ಟ ಗಾಳಿ. 172 ಅಲ್ಲಿ ಸಲೀಸಾಗಿ ಏಳುತ್ತಿತ್ತು. ರನ್‌ವೇ ಉದ್ದವಿದ್ದರೆ ಸಾಕು, ಚಿಂತೆಯಿಲ್ಲ ಎಂಬ ತಪ್ಪು ತಿಳಿವಳಿಕೆ ನನ್ನಲ್ಲಿ ಬೇರೂರಿದ್ದೂ ಅಲ್ಲೇ. ಡೆನ್ವರಿಗೆ ಬಂದಾಗ ಸೆಂಟೆನಿಯಲ್ಲಿನ 10,000 ಅಡಿ ರನ್‌ವೇ ನೋಡಿ ನೆಮ್ಮದಿಪಟ್ಟವನು ನಾನು.

ಸೆಂಟೆನಿಯಲ್ ಇರುವುದು 5,885 ಅಡಿ ಎತ್ತರದಲ್ಲಿ. ಅಲ್ಲಿ 32 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳ್ಳಗಾಗುತ್ತದೆಂದರೆ, ವಿಮಾನಕ್ಕೆ ತಾನು 9,300 ಅಡಿ ಎತ್ತರದಲ್ಲಿರುವ ಹಾಗೆ. ಪೈಲಟ್‌ಗಳು ಇದನ್ನು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತಾರೆ. ತೆಳು ಗಾಳಿಯ ಪೆಟ್ಟು ಮೂರು ಕಡೆ ಬೀಳುತ್ತದೆ. ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲ್ಲರಿಗೆ ಹಿಡಿತ ಸಿಗದು, ರೆಕ್ಕೆಗೆ ಆಸರೆ ಸಿಗಬೇಕಾದರೆ ಇನ್ನಷ್ಟು ಜೋರಾಗಿ ಓಡಬೇಕು. ಟರ್ಬೊ ಇಲ್ಲದ ಎಂಜಿನ್ ಅಷ್ಟು ಹೊತ್ತಿಗೆ ಕಾಲು ಭಾಗಕ್ಕೂ ಹೆಚ್ಚು ಶಕ್ತಿ ಕಳೆದುಕೊಂಡಿರುತ್ತದೆ. 172ಎನ್ ಮಾದರಿಯ 160 ಎಚ್‌ಪಿ ಡೆನ್ವರಿನ ಅಂಥ ಮಧ್ಯಾಹ್ನದಲ್ಲಿ 117ರ ಹತ್ತಿರ ನಿಲ್ಲುತ್ತದೆ. ಮಿಶ್ಚರ್ ಎಳೆದು ಇಂಧನವನ್ನು ಗಾಳಿಗೆ ಹೊಂದಿಸಿದರೆ ಈ ಮಾತು. ಹೊಂದಿಸಲು ಮರೆತರೆ ಅದೂ ಸಿಗದು.

ಕೊಳ್ಳುವ ಯೋಚನೆ ಆಗಲೇ ಹುಟ್ಟಿತ್ತು, ಆದರೆ ದಾರಿ ಇರಲಿಲ್ಲ. ವೀಸಾದಲ್ಲಿರುವವನು ಅಮೆರಿಕದಲ್ಲಿ ವಿಮಾನ ಹಾರಿಸಬಹುದು, ಬಾಡಿಗೆಗೆ ಪಡೆಯಬಹುದು. ಅವನ ಸ್ವಂತ ಹೆಸರಿನಲ್ಲಿ ನೋಂದಣಿ ಮಾತ್ರ ಆಗದು. ಅದಕ್ಕೆ ಪೌರತ್ವವೋ ಗ್ರೀನ್ ಕಾರ್ಡೋ ಇರಬೇಕು. ಭಾರತೀಯರ ಗ್ರೀನ್ ಕಾರ್ಡ್ ಸರದಿ ಎಂಥದು ಅಂತ ಇಲ್ಲಿರುವ ಕನ್ನಡಿಗರಿಗೆ ಹೇಳಬೇಕಿಲ್ಲ. ನನಗೆ ಅದು ಕೈಸೇರಿದ್ದು 2021ರ ಕೊನೆಗೆ. ಕಾದ ಆ ಎರಡು ವರ್ಷ ದಂಡವಾಗಲಿಲ್ಲ. ಸಿಕ್ಕ ಸಿಕ್ಕ ಕೈಪಿಡಿಗಳ ಟೇಕಾಫ್ ಪಟ್ಟಿಗಳನ್ನು ಓದಿದೆ.

ಆ ಪಟ್ಟಿಗಳಲ್ಲಿ ಎರಡು ಅಂಕಿ ಇರುತ್ತವೆ: ಚಕ್ರ ನೆಲ ಬಿಡುವ ತನಕದ ಓಟ, ಮತ್ತು 50 ಅಡಿ ಎತ್ತರದ ಅಡ್ಡಿಯನ್ನು ದಾಟಲು ಬೇಕಾದ ಒಟ್ಟು ದೂರ. ಮಾರುವವರು ಸಾಮಾನ್ಯವಾಗಿ ಹೇಳುವುದು ಮೊದಲನೆಯದನ್ನು. ಸಮುದ್ರಮಟ್ಟದಲ್ಲಿ, ತುಂಬು ತೂಕದಲ್ಲಿ 172ಎನ್‌ಗೆ 805 ಮತ್ತು 1,440 ಅಡಿ. ಪೈಪರ್ ಚೆರೋಕಿ 180ಕ್ಕೆ 720 ಮತ್ತು 1,620. ನೋಡಿ, ಚೆರೋಕಿ ಬೇಗ ನೆಲ ಬಿಡುತ್ತದೆ, ಮರದ ತುದಿ ದಾಟುವಾಗ ಹಿಂದೆ ಬೀಳುತ್ತದೆ. ಒಂದೇ ಅಂಕಿ ಹಿಡಿದುಕೊಂಡು ಹೋಲಿಸಿದ್ದರೆ ನನಗಿದು ತಿಳಿಯುತ್ತಲೇ ಇರಲಿಲ್ಲ. ಸೆಸ್ನಾ 182ಪಿ 230 ಎಚ್‌ಪಿಯದು: 705 ಮತ್ತು 1,350. ಸಮುದ್ರಮಟ್ಟದ ಅಂಕಿಯಲ್ಲಿ 172ಕ್ಕೂ 182ಕ್ಕೂ ಇರುವ ಅಂತರ ಬರೀ ನೂರು ಅಡಿ. ಇಷ್ಟಕ್ಕೆ ಅಷ್ಟು ಹೆಚ್ಚು ದುಡ್ಡು ಯಾಕೆ ಅಂತ ನನಗೂ ಅನ್ನಿಸಿತ್ತು.

ಉತ್ತರ ಪಟ್ಟಿಯ ಕೆಳಗಿನ ಸಾಲುಗಳಲ್ಲಿತ್ತು. 172ಎನ್ ಪಟ್ಟಿಯಲ್ಲಿ 3,000 ಅಡಿ ಎತ್ತರದ ಸಾಲಿಗೆ ಬಂದರೆ ಅದು ಹೆಚ್ಚುಕಡಿಮೆ ನಮ್ಮ ಜಕ್ಕೂರು: 30 ಡಿಗ್ರಿಯಲ್ಲಿ ಅಡ್ಡಿ ದಾಟಲು 2,100 ಅಡಿ ಚಿಲ್ಲರೆ. 6,000 ಅಡಿ ಸಾಲಿಗೆ ಇಳಿದರೆ ಅದೇ ಬಿಸಿಲಲ್ಲಿ 2,900ರ ಹತ್ತಿರ. ಸಮುದ್ರಮಟ್ಟದ ಎರಡರಷ್ಟು. ಇದು ಗಾಳಿ ಬೀಸದ, ಒಣಗಿದ, ಸಮತಟ್ಟಾದ ಡಾಂಬರಿನ ಲೆಕ್ಕ. ಹಿಂದಿನಿಂದ ಬೀಸುವ ಗಾಳಿ 2 ನಾಟ್ ಇದ್ದರೂ ಅದಕ್ಕೆ ನೂರಕ್ಕೆ ಹತ್ತರಂತೆ ಕೂಡಿಸಿಕೊಳ್ಳಿ ಅಂತ ಅದೇ ಪುಟದ ಅಡಿಯಲ್ಲಿದೆ. ಎದುರುಗಾಳಿಯಿಂದ ಅಷ್ಟೇ ಲಾಭ ಸಿಗಬೇಕಾದರೆ ಅದು 9 ನಾಟ್ ಬೀಸಬೇಕು.

ಅಮ್ಮನಿಗೆ ಗ್ಲೆನ್‌ವುಡ್ ಸ್ಪ್ರಿಂಗ್ಸ್‌ನ ಬಿಸಿನೀರಿನ ಕೊಳ ನೋಡುವ ಆಸೆಯಿತ್ತು. ಅಲ್ಲಿನ ರನ್‌ವೇ ಇರುವುದು 5,900 ಅಡಿ ಎತ್ತರದಲ್ಲಿ, ಬೆಟ್ಟಗಳ ನಡುವೆ, ಉದ್ದ ಸುಮಾರು 3,300 ಅಡಿ. 2,900ನ್ನು 3,300ರಿಂದ ಕಳೆದು ನೋಡಿದ ದಿನ 172ರ ಆಸೆ ನನ್ನ ಮನಸ್ಸಿನಿಂದ ಇಳಿಯಿತು. ಅಪ್ಪ ಎಣಿಸಿದ ಎಂಟು ಗೆರೆ ನನ್ನ ಮುಂದಿರುವಾಗ ಕೈಪಿಡಿಯ 2,900ನ್ನು 2,900 ಎಂದೇ ನಂಬುವ ಧೈರ್ಯ ನನಗೆ ಬರಲಿಲ್ಲ.

182ರ ಎಂಜಿನ್ ಅದೇ ಮಧ್ಯಾಹ್ನದಲ್ಲಿ 168 ಎಚ್‌ಪಿಗೆ ಇಳಿಯುತ್ತದೆ. ಅಂದರೆ ಸಮುದ್ರಮಟ್ಟದ 172ಕ್ಕಿಂತ ಒಂದು ಕೈ ಮೇಲು. ಜೊತೆಗೆ ಅದರ ಪ್ರೊಪೆಲ್ಲರ್ ಅಲಗುಗಳು ತಿರುಚಿಕೊಳ್ಳುವಂಥವು. ಟೇಕಾಫ್‌ಗೆ ಒಂದು ಕೋನ, ಹಾರಾಟಕ್ಕೆ ಇನ್ನೊಂದು, ಹಾಗಾಗಿ ಎಂಜಿನ್ ಮೊದಲಿನಿಂದಲೇ ಪೂರ್ತಿ ಸುತ್ತು ತಿರುಗುತ್ತದೆ. 172ರ ಅಲಗು ಒಂದೇ ಕೋನದ್ದು. ಒಂದೇ ಗೇರಿನಲ್ಲಿ ಘಾಟಿ ಹತ್ತಿದ ಹಾಗೆ.

ಹಾಗಾದರೆ ಹೆಚ್ಚು ಎಚ್‌ಪಿ ಇದ್ದಷ್ಟೂ ಒಳ್ಳೆಯದೇ? ನನ್ನ ಹೆಂಡತಿಗೆ ಇಷ್ಟವಾದದ್ದು ಸಿರಸ್ ಎಸ್‌ಆರ್22. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಅದರಲ್ಲಿದೆ, ಅವಳ ವಾದಕ್ಕೆ ನನ್ನಲ್ಲಿ ಎದುರು ಮಾತಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ 310 ಎಚ್‌ಪಿಯ ಆ ವಿಮಾನ ಸಮುದ್ರಮಟ್ಟದಲ್ಲೇ ನೆಲ ಬಿಡಲು 1,000 ಅಡಿಗೂ ಹೆಚ್ಚು ಓಡುತ್ತದೆ. 182ಕ್ಕಿಂತ 300 ಅಡಿ ಜಾಸ್ತಿ. ಕಾರಣ ರೆಕ್ಕೆ. 182ರ ರೆಕ್ಕೆ 174 ಚದರ ಅಡಿ, ಸಿರಸ್‌ನದು 145ರ ಹತ್ತಿರ, ಹೊರಬೇಕಾದ ತೂಕ ಮಾತ್ರ ಹಳೆಯ ಮಾದರಿಗಳಲ್ಲೇ 3,400 ಪೌಂಡ್. ಪ್ರತಿ ಚದರ ಅಡಿ 23 ಪೌಂಡ್ ಹೊರುವ ರೆಕ್ಕೆ, 17 ಪೌಂಡ್ ಹೊರುವ ರೆಕ್ಕೆಗಿಂತ ಜೋರಾಗಿ ಓಡಲೇಬೇಕು. ಒಮ್ಮೆ ಎದ್ದ ಮೇಲೆ ಸಿರಸ್ ಏರುವ ಪರಿ, ಹಾರುವ ವೇಗ ಎರಡಕ್ಕೂ 182 ಸಾಟಿಯಲ್ಲ. ಪೇಟೆಯಿಂದ ಪೇಟೆಗೆ ಹೋಗುವವನಾಗಿದ್ದರೆ ನಾನೂ ಅದನ್ನೇ ಆರಿಸುತ್ತಿದ್ದೆ. ನನಗೆ ಬೇಕಿದ್ದದ್ದು ಬೆಟ್ಟದ ನಡುವಿನ ಗಿಡ್ಡ ರನ್‌ವೇ. ಬೆಲೆಯೂ ಕೈಗೆಟುಕುವಂತಿರಲಿಲ್ಲ.

ಚೆರೋಕಿ ಬಿಟ್ಟದ್ದು ಅಂಕಿಯಿಂದಲ್ಲ, ಅಮ್ಮನ ಮಂಡಿಯಿಂದ. ಅದರ ರೆಕ್ಕೆ ಕೆಳಗಿದೆ, ಬಾಗಿಲು ಒಂದೇ. ರೆಕ್ಕೆ ಹತ್ತಿ, ಬಾಗಿ, ಒಳಗೆ ಜಾರಿಕೊಳ್ಳಬೇಕು. ಸೀರೆಯುಟ್ಟ, ಮಂಡಿ ನೋವಿರುವ ಹೆಂಗಸಿಗೆ ಅದು ಆಗದ ಕೆಲಸ. ಯಾವ ಪಟ್ಟಿಯಲ್ಲೂ ಈ ಸಾಲು ಇರುವುದಿಲ್ಲ.

ಇನ್ನು ಯಜಮಾನಿಕೆಯ ಮಾತು. ಇಲ್ಲಿ ನಾನು ಬಹಳ ದಿನ ತೊಳಲಾಡಿದೆ. ಕೈಯಲ್ಲಿದ್ದ ದುಡ್ಡಿಗೆ ಒಂದು 172 ಪೂರ್ತಿಯಾಗಿ ನನ್ನದಾಗುತ್ತಿತ್ತು. 182 ಬೇಕೆಂದರೆ ಪಾಲುದಾರರು ಬೇಕು. ನಮ್ಮ ಮನೆಗಳಲ್ಲಿ ಪಾಲು ಅಂದ ಕೂಡಲೇ ಮನಸ್ಸಿಗೆ ಬರುವುದು ಜಗಳ, ಕೋರ್ಟು. ಸ್ವಂತದ್ದು ಅನ್ನುವ ಪದದ ಸೆಳೆತ ದೊಡ್ಡದು. ಬೆಳಗ್ಗೆ ಎದ್ದು ಯಾರನ್ನೂ ಕೇಳದೆ ಹೋಗಿ ಹಾರುವುದು, ಸೀಟಿನ ಕೆಳಗೆ ನನ್ನದೇ ಸಾಮಾನು.

ಅಪ್ಪನಿಗೆ ಫೋನ್ ಮಾಡಿದೆ. "ವರ್ಷಕ್ಕೆ ಎಷ್ಟು ಗಂಟೆ ಹಾರಿಸ್ತೀಯ?" ಅಂದರು. ಲಾಗ್‌ಬುಕ್ ನೋಡಿ ಹೇಳಿದೆ, ಅರವತ್ತು. "ವರ್ಷಕ್ಕೆ ಎಷ್ಟು ಗಂಟೆ ಇದೆ?" ಅಂದರು. 8,760. ಮತ್ತೇನೂ ಹೇಳಲಿಲ್ಲ.

ಕೂತು ಲೆಕ್ಕ ಹಾಕಿದೆ. ಹಾರಿಸಲಿ ಬಿಡಲಿ ಕಟ್ಟಲೇಬೇಕಾದ ಖರ್ಚು ಅಂತ ಒಂದಿದೆ: ವಿಮೆ, ನಿಲ್ಲಿಸುವ ಜಾಗದ ಬಾಡಿಗೆ, ವರ್ಷಕ್ಕೊಮ್ಮೆ ಕಡ್ಡಾಯವಾದ ತಪಾಸಣೆ. ನಾನು ನೋಡಿದ 172ಕ್ಕೆ ಅದು ವರ್ಷಕ್ಕೆ 8,000 ಡಾಲರ್ ಆಗುತ್ತಿತ್ತು. ಅರವತ್ತು ಗಂಟೆಗೆ ಹಂಚಿದರೆ ಗಂಟೆಗೆ 133. ಇಂಧನ 55, ಮುಂದೊಂದು ದಿನ ಎಂಜಿನ್ ಬಿಚ್ಚಿ ಕಟ್ಟಲು ಎತ್ತಿಡುವ ನಿಧಿ 20. ಒಟ್ಟು 208. ಬಾಡಿಗೆ 172 ನನಗೆ 165ಕ್ಕೇ ಸಿಗುತ್ತಿತ್ತು! 182ರ ಕಟ್ಟಲೇಬೇಕಾದ ಖರ್ಚು 10,500. ಮೂವರಿಗೆ ಹಂಚಿದರೆ ನನ್ನ ಪಾಲು 3,500, ಗಂಟೆಗೆ 58. ಅದು ಗಂಟೆಗೆ 13 ಗ್ಯಾಲನ್ ಕುಡಿಯುತ್ತದೆ, ಅದಕ್ಕೆ 85. ಎಂಜಿನ್ ನಿಧಿ 30. ಒಟ್ಟು 173. ಪೂರ್ತಿ ನನ್ನದಾದ ಸಣ್ಣ ವಿಮಾನಕ್ಕಿಂತ ಮೂರರಲ್ಲೊಂದು ಪಾಲಿನ ದೊಡ್ಡ ವಿಮಾನ ಅಗ್ಗ. ಹೆಚ್ಚು ಹಾರುವುದರಿಂದ ಎಂಜಿನ್ನಿಗೂ ಆರೋಗ್ಯ. ತಿಂಗಳುಗಟ್ಟಲೆ ಸುಮ್ಮನೆ ನಿಂತ ಎಂಜಿನ್ನಿನ ಒಳಗೆ ಎಣ್ಣೆ ಇಳಿದುಹೋಗಿ ತುಕ್ಕು ಹಿಡಿಯುತ್ತದೆ. ನಾನು ಮೊದಲು ನೋಡಲು ಹೋದ 172 ಹಾಗೆಯೇ ಮೂರು ವರ್ಷ ನಿಂತಿತ್ತು. ಆಯಿಲ್ ಫಿಲ್ಟರ್ ಕತ್ತರಿಸಿ ಬಿಡಿಸಿದಾಗ ಮಡಿಕೆಗಳ ನಡುವೆ ಲೋಹದ ಚೂರು ಮಿನುಗಿದವು.

ಜೊತೆಗಾರರು ಸಿಕ್ಕಿದ್ದು ಪುಣ್ಯ. ಒಬ್ಬರು ನಿವೃತ್ತ ನರ್ಸ್, ವಾರದ ದಿನಗಳಲ್ಲಿ ಹಾರುವವರು. ಇನ್ನೊಬ್ಬರು ಸಿವಿಲ್ ಎಂಜಿನಿಯರ್. ಕರಾರು ಬರೆಯಲು ನಾವು ಮೂರು ಸಂಜೆ ಕೂತೆವು. ಯಾರಾದರೂ ಹೊರಟರೆ ಪಾಲಿನ ಬೆಲೆ ಹೇಗೆ ಕಟ್ಟುವುದು, ಯಾರ ಕೈಯಲ್ಲಿ ಹಾನಿಯಾದರೆ ಯಾರು ಭರಿಸುವುದು, ಎಲ್ಲ ಬರೆದೆವು. ನಾನು ಹಟ ಹಿಡಿದು ಸೇರಿಸಿದ ಒಂದು ಸಾಲು ಇದು: ಹಾರಿ ಬಂದವರು ಟ್ಯಾಂಕಿನಲ್ಲಿ 40 ಗ್ಯಾಲನ್ನಿಗಿಂತ ಹೆಚ್ಚು ತುಂಬಿಸಿ ಬಿಡಬಾರದು. ಬಾಡಿಗೆ ವಿಮಾನಗಳು ನನಗೆ ಯಾವಾಗಲೂ ಟ್ಯಾಂಕ್ ತುಂಬಿಸಿಯೇ ಸಿಗುತ್ತಿದ್ದವು. ಪೆಟ್ರೋಲ್ ಒಂದು ಗ್ಯಾಲನ್ನಿಗೆ 6 ಪೌಂಡ್. ಬೇಡದ 20 ಗ್ಯಾಲನ್ ಅಂದರೆ 120 ಪೌಂಡ್, ಹತ್ತಿರ ಹತ್ತಿರ ಒಬ್ಬ ಮನುಷ್ಯ. ಹಾಕುವುದು ಐದು ನಿಮಿಷದ ಕೆಲಸ, ತೆಗೆಯುವುದು ದೊಡ್ಡ ರಗಳೆ. ಪಾಲುದಾರಿಕೆಯಿಂದ ಟೇಕಾಫ್ ಸುಧಾರಿಸಬಹುದು ಅಂತ ನನಗೆ ಹೊಳೆದದ್ದು ಈ ಸಾಲು ಬರೆಯುವಾಗ.

ಮೊದಲು ಮೆಚ್ಚಿದ 182 ಕೈತಪ್ಪಿತು. ಈ ಜಾತಿಯ ಮೂಗು ಭಾರ. ಇಳಿಸುವಾಗ ಮುಂಚಕ್ರ ಜೋರಾಗಿ ಅಪ್ಪಳಿಸಿದರೆ ಎಂಜಿನ್ ಹಿಂದಿನ ಲೋಹದ ಗೋಡೆ, ಅದಕ್ಕೆ ಫೈರ್‌ವಾಲ್ ಅನ್ನುತ್ತಾರೆ, ಸುಕ್ಕುಗಟ್ಟುತ್ತದೆ. ನಮ್ಮ ಮೆಕ್ಯಾನಿಕ್ ಟಾರ್ಚ್ ಹಿಡಿದು ಪೆಡಲ್‌ಗಳ ಹಿಂದೆ ತಲೆ ತೂರಿಸಿ ಬೆರಳಾಡಿಸಿದರು. ಬಣ್ಣದ ಅಡಿಯಲ್ಲಿ ಸುಕ್ಕು ಸಿಕ್ಕಿತು. ಲಾಗ್‌ಬುಕ್ಕಿನಲ್ಲಿ ಅದರ ಸುಳಿವಿರಲಿಲ್ಲ. ತಪಾಸಣೆಗೆ ಕೊಟ್ಟ ಹಣ ಹೋಯಿತು, ನನಗೆ ಅದರ ಬಗ್ಗೆ ಒಂದಿಷ್ಟೂ ಬೇಸರವಿಲ್ಲ.

ಎರಡನೆಯದು 1974ರದು, ನೆಬ್ರಾಸ್ಕಾದಲ್ಲಿತ್ತು. ಆ ಕಾಲದ 182ರ ರೆಕ್ಕೆಯೊಳಗೆ ಇಂಧನಕ್ಕೆ ರಬ್ಬರ್ ಚೀಲಗಳಿರುತ್ತವೆ. ಚೀಲ ಮಡಿಚಿಕೊಂಡರೆ ಮಡಿಕೆಯಲ್ಲಿ ನೀರು ನಿಂತು, ಸರಿಯಾಗಿ ಮೂಗೆತ್ತುವ ಹೊತ್ತಿಗೆ ಎಂಜಿನ್ನಿಗೆ ಹರಿಯಬಹುದು. ಇದರ ಚೀಲಗಳು ಬದಲಾಗಿದ್ದವು. ಸೀಟಿನ ಹಳಿಗಳನ್ನೂ ಒಂದೊಂದೇ ರಂಧ್ರ ನೋಡಿದರು. ಹಳೆಯ ಸೆಸ್ನಾಗಳಲ್ಲಿ ಹಳಿ ಸವೆದು, ಟೇಕಾಫ್ ಹೊತ್ತಿನಲ್ಲಿ ಪೈಲಟ್ ಸೀಟು ಹಿಂದಕ್ಕೆ ಜಾರಿ, ಕೈಯಲ್ಲಿ ಹಿಡಿದ ಯೋಕ್, ಅಂದರೆ ವಿಮಾನದ ಮೂಗು ಏರಿಸಿ ಇಳಿಸುವ ಹಿಡಿಕೆ, ಅದನ್ನೂ ಎಳೆದುಕೊಂಡು ಪ್ರಾಣ ಹೋದದ್ದುಂಟು. ಇವತ್ತಿಗೂ ಥ್ರಾಟಲ್ ಮುಟ್ಟುವ ಮೊದಲು ನಾನು ಸೊಂಟದಿಂದ ಸೀಟನ್ನು ಹಿಂದೆ ಮುಂದೆ ಅಲುಗಾಡಿಸಿ ನೋಡುತ್ತೇನೆ.

ಕಾಗದಪತ್ರ ಒಕ್ಲಹೋಮ ಸಿಟಿಯಲ್ಲಿರುವ, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ನೋಂದಣಿ ಕಚೇರಿಗೆ ಹೋದವು. ಮೂವರ ಹೆಸರಿನ ಸಾಲಿನಲ್ಲಿ ನನ್ನದೂ ಇತ್ತು. 200 ಎಚ್‌ಪಿ ಮೀರಿದ ವಿಮಾನಕ್ಕೆ ಬೇಕಾದ ಶಿಕ್ಷಕರ ಸಹಿಯನ್ನು ಲಾಗ್‌ಬುಕ್ಕಿನಲ್ಲಿ ಹಾಕಿಸಿಕೊಂಡೆ. ವಿಮೆಯವರು ಶಿಕ್ಷಕರ ಜೊತೆ ಹತ್ತು ಗಂಟೆ ಹಾರಬೇಕು ಅಂದರು. ನಾನು ಹದಿನೈದು ಹಾರಿದೆ.

ಅಪ್ಪ ಅಮ್ಮ ಮತ್ತೆ ಬಂದದ್ದು 2023ರ ಜುಲೈಯಲ್ಲಿ. ಹೊರಡುವ ಹಿಂದಿನ ರಾತ್ರಿ ಸ್ನಾನದ ಮನೆಯ ತಕ್ಕಡಿ ತಂದು ಎಲ್ಲರನ್ನೂ ತೂಗಿದೆ, ಅಮ್ಮನ ಚಕ್ಕುಲಿ ಡಬ್ಬಿಯನ್ನೂ ಬಿಡಲಿಲ್ಲ. ಖಾಲಿ ವಿಮಾನ 1,780, ನಾವು ನಾಲ್ವರು 610, ಇಂಧನ 240, ಸಾಮಾನು 50. ಒಟ್ಟು 2,680 ಪೌಂಡ್. ಮಿತಿ 2,950. ಇನ್ನೂ 270 ಪೌಂಡ್ ಉಳಿದಿತ್ತು. ಆ ಉಳಿಕೆಯನ್ನು ತುಂಬಿಸಲಿಲ್ಲ, ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು.

ಬೆಳಗಿನ ಏಳು ಗಂಟೆ, 16 ಡಿಗ್ರಿ. ಅಪ್ಪ ಪಕ್ಕದಲ್ಲಿ. ಅಮ್ಮ, ನನ್ನ ಹೆಂಡತಿ ಹಿಂದೆ. ಥ್ರಾಟಲ್ ಒತ್ತಿದಾಗ ಬೆನ್ನು ಸೀಟಿಗೆ ಅಂಟಿತು. ಆರನೇ ಗೆರೆಗೆ ಚಕ್ರ ನೆಲ ಬಿಟ್ಟಿತು. ಅಪ್ಪ ಬಾಯಲ್ಲಿ ಹೇಳಲಿಲ್ಲ, ಬಲಗೈಯ ಐದು ಬೆರಳು, ಎಡಗೈಯ ಒಂದು ಬೆರಳು ಎತ್ತಿ ತೋರಿಸಿದರು. 11,600 ಅಡಿ ಮೀರಿದ ಕರೋನಾ ಕಣಿವೆದಾರಿಯನ್ನು ಸಾಕಷ್ಟು ಮೇಲಿನಿಂದ ದಾಟುವಾಗ ಅಪ್ಪ ಅಮ್ಮ ಇಬ್ಬರಿಗೂ ಆಮ್ಲಜನಕದ ನಳಿಗೆ ಹಾಕಿಸಿದ್ದೆ. ಅಮ್ಮ ಅದನ್ನು ಮೂಗಿಗೆ ಸಿಕ್ಕಿಸಿಕೊಂಡೇ ಕೆಳಗಿನ ಹಿಮದ ತೇಪೆಗಳನ್ನು ನೋಡುತ್ತ ಕೂತಿದ್ದರು.

ಕೊಳದಲ್ಲಿ ಒಂದು ಸಂಜೆ, ಊರಲ್ಲಿ ಒಂದು ರಾತ್ರಿ. ಮರುದಿನ ಬಿಸಿಲೇರುವ ಮೊದಲೇ ಗ್ಲೆನ್‌ವುಡ್‌ನಿಂದ ಹೊರಟೆವು. ಮೊದಲೇ ರನ್‌ವೇ ಬದಿಯಲ್ಲಿ ನಡೆದು ಅರ್ಧ ದಾರಿಗೆ ಒಂದು ಗುರುತು ನೋಡಿಟ್ಟುಕೊಂಡಿದ್ದೆ. ಆ ಗುರುತಿನ ಹೊತ್ತಿಗೆ ಏಳುವ ವೇಗದ ನೂರಕ್ಕೆ ಎಪ್ಪತ್ತು ಭಾಗ ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸಬೇಕು ಅಂತ ಅಪ್ಪನಿಗೂ ಹೇಳಿದ್ದೆ. ಅವರು ವೇಗದ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಗುರುತು ಬಂದಾಗ ಅದು ನಮ್ಮ ಚಕ್ರಗಳ ಕೆಳಗೆ ಹಾದುಹೋಯಿತು.

ಕಣಿವೆಯ ಮೇಲೆ ನೆಟ್ಟಗಾದ ಮೇಲೆ ಅಪ್ಪ ಕೇಳಿದರು: "ಇದೇ ವಿಮಾನ ಜಕ್ಕೂರಲ್ಲಾಗಿದ್ರೆ ಎಷ್ಟು ಗೆರೆ ಬೇಕಾಗ್ತಿತ್ತು?"

ಕೈಪಿಡಿ ಅವರ ತೊಡೆಯ ಮೇಲಿಟ್ಟು 3,000 ಅಡಿಯ ಸಾಲು ತೋರಿಸಿದೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದತೊಡಗಿದರು.